ವಾಡಿಕೆಯಂತೆ ಬಾರದ ಮಳೆ

ವಾಡಿಕೆ ಮಳೆ ಎಂಬ ಮಳೆಯನ್ನು ಕಂಡವರಿಲ್ಲ. ಅದರಲ್ಲಿ ಯಾರೂ ನೆನೆದಿಲ್ಲ, ಯಾವ ಕೆರೆಯೂ ಅದರಿಂದ ಕೋಡಿ ಬಿದ್ದಿಲ್ಲ. ಮೂವತ್ತು ವರ್ಷಗಳ ಮಳೆಯನ್ನು ಕೂಡಿಸಿ ಮೂವತ್ತರಿಂದ ಭಾಗಿಸಿದಾಗ ಕಾಗದದ ಮೇಲೆ ಸುರಿಯುವ ಮಳೆ ಅದು. ಆದರೂ ನಿಜವಾಗಿ ಬಿದ್ದ ಮಳೆಯೆಲ್ಲ ಇದರ ಮುಂದೆ ಕೈಕಟ್ಟಿ ನಿಂತು, ತಾನು ಶೇಕಡಾ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಒಪ್ಪಿಸಬೇಕು. ಹಾಗೆಂದು ಆ ಲೆಕ್ಕವಾದರೂ ಒಂದೆಡೆ ನಿಲ್ಲುತ್ತದೆಯೇ? ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಂತೆ ಹತ್ತು ವರ್ಷಕ್ಕೊಮ್ಮೆ ಮುಂದೆ ಸರಿಯುತ್ತದೆ. ಈಗ ಚಾಲ್ತಿಯಲ್ಲಿರುವುದು 1991ರಿಂದ 2020ರವರೆಗಿನದು. ಅಜ್ಜನ ಕಾಲದಲ್ಲಿ ಕೊರತೆ ಎನಿಸಿಕೊಂಡದ್ದು, ಒಂದು ಹನಿಯೂ ಹೆಚ್ಚದೆ, ಮೊಮ್ಮಗನ ಕಾಲಕ್ಕೆ ವಾಡಿಕೆಯಾಗಿಬಿಡಬಹುದು.

ಇಷ್ಟೆಲ್ಲ ಪಾಂಡಿತ್ಯಕ್ಕೆ ಮೂಲ ಮಳೆಮಾಪಕವೆಂಬ ಒಂದು ಡಬ್ಬ. ಒಳಗೆ ಸೇರಿದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಅಂಚಿನಲ್ಲಿ ಗಾಜಿಗೆ ಅಂಟಿಕೊಂಡು ಮೇಲೇರಿದ ನೀರನ್ನು ಬಿಟ್ಟು ನಡುವಿನ ತಗ್ಗನ್ನು ಓದಬೇಕು. ಒಂದು ಮಿಲಿಮೀಟರ್ ಎಂದರೆ ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಗಾಳಿ ಜೋರಾಗಿದ್ದರೆ ಹನಿಗಳು ಡಬ್ಬದ ಬಾಯಿ ತಪ್ಪಿಸಿಕೊಂಡು ಪಕ್ಕಕ್ಕೆ ಹಾರುತ್ತವೆ. ಹತ್ತಿರದಲ್ಲಿ ಒಂದು ಮರ ಬೆಳೆದು ಅಡ್ಡ ನಿಂತರೂ ವರ್ಷದಿಂದ ವರ್ಷಕ್ಕೆ ಮಳೆ ಇಳಿಯುತ್ತಿರುವಂತೆ ಕಾಣಬಹುದು. ಬದಲಾದದ್ದು ಹವಾಮಾನವೋ ಮರವೋ ಎಂದು ಬಿಡಿಸಿ ಹೇಳುವುದೇ ಒಂದು ವಿದ್ಯೆ. ಜಗತ್ತಿನ ಮಳೆಮಾಪಕಗಳ ಬಾಯಿಗಳನ್ನೆಲ್ಲ ಒತ್ತೊತ್ತಾಗಿ ಜೋಡಿಸಿದರೂ ಅರ್ಧ ಫುಟ್‌ಬಾಲ್ ಮೈದಾನ ತುಂಬುವುದಿಲ್ಲ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇಡೀ ಭೂಮಂಡಲದ ಮಳೆಯ ಬಗ್ಗೆ ನಮ್ಮ ಮಾತಿಗೆ ಇರುವ ನೆಲಗಟ್ಟು ಅಷ್ಟು!

ಇನ್ನು ವರ್ಷಗಳುದ್ದಕ್ಕೂ ಮಳೆಯ ಏರಿಕೆ ಇಳಿಕೆ ತೋರಿಸುವ ಗೆರೆ. ಅದನ್ನು ಎಲ್ಲಿಂದ ಎಳೆಯಲು ಶುರು ಮಾಡುತ್ತೇವೆ ಎಂಬುದರಲ್ಲೇ ಅರ್ಧ ಉತ್ತರ ಅಡಗಿರುತ್ತದೆ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪ್ರದೇಶವನ್ನೇ ನೋಡಿ. 1950ರ ದಶಕ ಅಲ್ಲಿ ಸಮೃದ್ಧಿಯ ಕಾಲ, 1970 ಮತ್ತು 80ರ ದಶಕಗಳು ಘೋರ ಬರದ ಕಾಲ, ಆಮೇಲೆ ಒಂದಿಷ್ಟು ಚೇತರಿಕೆ. 1950ರಿಂದ ಗೆರೆ ಎಳೆದವನು ಮಳೆ ಹೋಯಿತು ಎಂದು ತಲೆಯ ಮೇಲೆ ಕೈ ಹೊರುತ್ತಾನೆ. 1984ರಿಂದ ಎಳೆದವನು ಮಳೆ ಬಂತು ಎಂದು ಮೀಸೆ ತಿರುವುತ್ತಾನೆ. ಇಬ್ಬರ ಲೆಕ್ಕದಲ್ಲೂ ತಪ್ಪಿಲ್ಲ. ಬರದ ಕಾರಣ ಹುಡುಕುವಾಗ ಮೊದಲು ದನ ಮೇಯಿಸುವವರ ತಲೆಯ ಮೇಲೆ ಗೂಬೆ ಕೂರಿಸಿದ್ದರು. ಮುಖ್ಯ ಕಾರಣ ದೂರದ ಸಾಗರಗಳ ಮೇಲ್ಮೈ ತಾಪ ಎಂಬುದು ಆಮೇಲೆ ಸ್ಪಷ್ಟವಾಯಿತು. ಗೂಬೆ ಇಳಿಯಲು ಮಾತ್ರ ಬಹಳ ಕಾಲ ಹಿಡಿಯಿತು.

ಆಸ್ಟ್ರೇಲಿಯಾದ ನೈಋತ್ಯ ಮೂಲೆಯ ಕಥೆ ಬೇರೆ. ಅಲ್ಲಿ 1970ರ ಸುಮಾರಿಗೆ ತಂಪು ತಿಂಗಳುಗಳ ಮಳೆ ಇಳಿಯಿತು, ಇಳಿದದ್ದು ಮತ್ತೆ ಹತ್ತಲಿಲ್ಲ. ಕಡಿಮೆಯಾದದ್ದು ಸುಮಾರು ಶೇಕಡಾ 15. ಅಷ್ಟೇ ತಾನೆ ಎನ್ನಬೇಡಿ. ಒಣ ನೆಲ ಸಾಲ ಕೊಟ್ಟವನಿದ್ದಂತೆ, ಬಂದ ನೀರಿನಲ್ಲಿ ಮೊದಲು ತನ್ನ ಬಾಕಿ ಮುರಿದುಕೊಂಡು ಉಳಿದದ್ದನ್ನಷ್ಟೇ ಹೊಳೆಗೆ ಬಿಡುತ್ತದೆ. ಅಲ್ಲಿನ ಪರ್ತ್ ನಗರದ ಅಣೆಕಟ್ಟುಗಳಿಗೆ ಹರಿದುಬರುವ ನೀರು ಮಳೆಗಿಂತ ಎಷ್ಟೋ ಪಾಲು ಹೆಚ್ಚು ಕುಸಿಯಿತು. 2006ರಿಂದ ಆ ನಗರ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಿದೆ.

ಮುಂಬರುವ ಕಾಲದ ಮಳೆಯ ಮಾತಿಗೆ ಬಂದರೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು ಎಂಬುದು ಭೌತಶಾಸ್ತ್ರ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಅದು ಎಲ್ಲಿ ಸುರಿಯುತ್ತದೆ ಎಂಬುದರಲ್ಲಿ. ಮುಂದಿನ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾದರಿಗಳಿವೆ. ಒಂದೇ ಪ್ರದೇಶಕ್ಕೆ ಒಂದು ಮಾದರಿಯು ಮಳೆ ಹೆಚ್ಚುತ್ತದೆ ಎಂದರೆ ಇನ್ನೊಂದು ಕಡಿಮೆಯಾಗುತ್ತದೆ ಎನ್ನುತ್ತದೆ. ಎರಡನ್ನೂ ಕೂಡಿಸಿ ಭಾಗಿಸಿದರೆ ‘ಬದಲಾವಣೆಯಿಲ್ಲ’ ಎಂಬ ಉತ್ತರ ಬರುತ್ತದೆ, ಅದು ಎರಡರಲ್ಲಿ ಯಾವುದೂ ಹೇಳದ ಮಾತು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯ ನಕ್ಷೆಗಳಲ್ಲಿ, ಮಾದರಿಗಳಿಗೆ ಪರಸ್ಪರ ಒಪ್ಪಿಗೆಯಿಲ್ಲದ ಕಡೆ ಓರೆಗೆರೆ ಎಳೆದಿದ್ದಾರೆ. ನನಗಂತೂ ಬಣ್ಣಗಳಿಗಿಂತ ಆ ಓರೆಗೆರೆಗಳ ಮೇಲೇ ವಿಶ್ವಾಸ.

ಆದರೆ ರಸ್ತೆಯಡಿ ಮೋರಿ ಕಟ್ಟುವ ಇಂಜಿನಿಯರ್‌ಗೆ ಓರೆಗೆರೆ ಸಾಲದು, ಅಗಲ ಎಷ್ಟೆಂಬ ಸಂಖ್ಯೆ ಬೇಕು. ವರ್ಷದ ಮೊತ್ತ ಏರಲಿ, ಇಳಿಯಲಿ, ಹೆಚ್ಚಿನ ಕಡೆಗಳಲ್ಲಿ ಜಡಿಮಳೆ ಇನ್ನಷ್ಟು ಬಿರುಸಾಗುತ್ತದೆ ಎಂಬುದರಲ್ಲಿ ಮಾದರಿಗಳಿಗೆ ಬಹುಮಟ್ಟಿಗೆ ಒಮ್ಮತವಿದೆ. ಹಳೆಯ ದಾಖಲೆ ನೋಡಿ ಮೋರಿಯ ಅಗಲ ನಿರ್ಧರಿಸುವ ಕೋಷ್ಟಕವನ್ನು ಅವನು ಮೊದಲು ತಿದ್ದಲಿ.