ಪ್ಲೆಂಟಿ ಆಂಟಿ, ಪ್ಲೆಂಟಿ

ಇಂಗ್ಲಿಷಿನಲ್ಲಿ ‘ಜಾಸ್ತಿ’ ಅಂತ ಹೇಳುವುದಕ್ಕೆ ಇರುವ ಪದಗಳೇ ಜಾಸ್ತಿಯಾದವು. ಮಚ್, ಮೆನಿ, ಪ್ಲೆಂಟಿ, ಲೋಡ್ಸ್, ಹೀಪ್ಸ್, ಟನ್ಸ್. ಊಡಲ್ಸ್ ಅಂತ ಇನ್ನೊಂದಿದೆ, ಕೇಳಿದರೆ ಎರಡೇ ನಿಮಿಷದಲ್ಲಿ ಬೇಯಿಸಿ ತಿನ್ನುವ ಪದಾರ್ಥ ಅನ್ನಿಸುತ್ತದೆ. ಇಷ್ಟೆಲ್ಲ ಇದ್ದರೂ ‘ಅಂದರೆ ಎಷ್ಟು?’ ಅಂತ ಕೇಳಿ ನೋಡಿ. ಒಂದೂ ಬಾಯಿ ಬಿಡುವುದಿಲ್ಲ.

ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಮೊದಲಿನ ಎರಡಕ್ಕೆ ಗಡಿ ಹಾಕಿಕೊಟ್ಟಿದ್ದರು. ಎಣಿಸೋಕೆ ಬರುವುದಕ್ಕೆ ಮೆನಿ, ಎಣಿಸೋಕೆ ಬಾರದ್ದಕ್ಕೆ ಮಚ್. ಹಾಲು, ಮರಳು, ಅಕ್ಕಿ ಅಂದಾಗ ಎಲ್ಲರೂ ತಲೆ ಆಡಿಸಿದೆವು. ಮನಿ ಕೂಡ ಎಣಿಸೋಕೆ ಬಾರದ್ದು ಅಂದಾಗ ದಿನಸಿ ಅಂಗಡಿಯವರ ಮಗ ಎದ್ದು ನಿಂತ. “ನಮ್ಮಪ್ಪ ದಿನಾ ರಾತ್ರಿ ಎಣಿಸ್ತಾರೆ ಸಾರ್, ಎಂಜಲು ಹಚ್ಚಿಕೊಂಡು.” ಮೇಷ್ಟ್ರು, “ಅವರು ಎಣಿಸೋದು ನೋಟು ಕಣೋ, ಮನಿ ಅಲ್ಲ” ಅಂದರು. ವ್ಯಾಕರಣದ ಪ್ರಕಾರ ಅದು ಸರಿಯೇ. ಆದರೆ ಆ ಹುಡುಗ ಮಾತ್ರ ಅವರಪ್ಪನ ವ್ಯಾಪಾರವೇ ಸುಳ್ಳು ಅಂದ ಹಾಗೆ ಮುಖ ಮಾಡಿಕೊಂಡು ಕೂತ.

ಅದೇ ಮೇಷ್ಟ್ರಿಗೆ ಅಂಪ್ಟೀನ್, ಅಂದರೆ ಲೆಕ್ಕವಿಲ್ಲದಷ್ಟು, ಅನ್ನೋ ಪದದ ಮೇಲೆ ಬಲು ಪ್ರೀತಿ. “ಅಂಪ್ಟೀನ್ ಟೈಮ್ಸ್ ಹೇಳಿದ್ದೀನಿ!” ಅಂತ ಡಸ್ಟರ್ ಕುಟ್ಟುತ್ತಿದ್ದರು. ಥರ್ಟೀನ್, ಫೋರ್ಟೀನ್ ಸಾಲಿನಲ್ಲಿ ಇದೂ ಎಲ್ಲೋ ಇರಬೇಕು, ನಾವೇ ಮಗ್ಗಿಯಲ್ಲಿ ಬಿಟ್ಟುಬಿಟ್ಟಿದ್ದೇವೆ ಅಂತ ಹಿಂದಿನ ಬೆಂಚಿನವರಿಗೆ ಗುಮಾನಿ. ತಂತಿ ಕಳಿಸುವವರ ಆಡುಮಾತಿನಲ್ಲಿ ಮೋರ್ಸ್ ಸಂಕೇತದ ಅಡ್ಡಗೆರೆಗೆ ಅಂಪ್ಟಿ ಅನ್ನುತ್ತಿದ್ದರಂತೆ, ಅದಕ್ಕೇ ಟೀನ್ ಬಾಲ ಅಂಟಿಕೊಂಡದ್ದು ಅಂತ ಆಮೇಲೆ ಓದಿದೆ. ಇದು ಮೊದಲೇ ಗೊತ್ತಿದ್ದರೆ ಇಂಪೊಸಿಷನ್ ಹಾಳೆಯಲ್ಲಿ ನಾಲ್ಕು ಗೆರೆ ಎಳೆದು ಕೈ ತೊಳೆದುಕೊಳ್ಳಬಹುದಿತ್ತು.

ಇವೆಲ್ಲ ಬಿಡಿ, ಬರೀ ಮಾತು. ಊಟಕ್ಕೆ ಕುತ್ತು ತಂದದ್ದು ‘ಕ್ವೈಟ್ ಎ ಫ್ಯೂ’.

ನಮ್ಮ ಸೋದರಮಾವನ ಮನೆ ಮಂಡ್ಯದ ಕಡೆ. ಕಬ್ಬು, ಭತ್ತ, ನಾಲ್ಕು ಹಸು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಂದು ಶನಿವಾರ ಮನೆ ಗ್ರೂಪಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಹಾಕಿದ. ನಾಳೆ ಆಫೀಸಿನ ಕ್ವೈಟ್ ಎ ಫ್ಯೂ ಫ್ರೆಂಡ್ಸ್ ಜೊತೆ ಕೆಆರ್‌ಎಸ್‌ಗೆ ಬರುತ್ತೇನೆ, ಮಧ್ಯಾಹ್ನ ಊಟ ನಮ್ಮಲ್ಲೇ. ಅತ್ತೆ ಫೋನನ್ನು ಪಿಯುಸಿ ಓದುವ ಮಗಳ ಕೈಗೆ ಕೊಟ್ಟು, ಏನಂತೆ ಅಂದರು. ಅವಳು ಅರ್ಧ ನಿದ್ದೆಯಲ್ಲಿ ನೋಡಿದಳು. ಫ್ಯೂ ಅಂದರೆ ಕೆಲವರು. ಕ್ವೈಟ್ ಅನ್ನೋದು ಅವಳ ಕಣ್ಣಿಗೆ ಕ್ವಯಟ್ ಆಗಿ ಕಾಣಿಸಿತು. “ಮೂರೋ ನಾಲ್ಕೋ ಜನ ಕಣಮ್ಮ. ಗಲಾಟೆ ಮಾಡೋರಲ್ವಂತೆ.”

“ಪಾಪ, ಮೆತ್ತಗಿರೋ ಮಕ್ಳು” ಅಂದುಕೊಂಡು ಅತ್ತೆ ಒಂದು ನಾಟಿ ಕೋಳಿ ಹಿಡಿಸಿದರು.

ಭಾನುವಾರ ಮಧ್ಯಾಹ್ನ ಊರ ಬಾಗಿಲಿಗೇ ಡಬ್ ಡಬ್ ಅಂತ ಹಾಡು ಕೇಳಿಸಿತು. ಹಿಂದೆಯೇ ಟೆಂಪೋ ಟ್ರಾವೆಲರ್ ಬಂತು. ಬಾಗಿಲು ತೆರೆಯಿತು, ಜನ ಇಳಿದರು. ಇಳಿದರು, ಇನ್ನೂ ಇಳಿದರು. ಮಾವ ಜಗಲಿ ಮೇಲೆ ನಿಂತು ಬೆರಳು ಮಡಚುತ್ತಿದ್ದವರು ಎರಡೂ ಕೈಯ ಬೆರಳು ಮುಗಿದ ಮೇಲೆ ನಿಲ್ಲಿಸಿಬಿಟ್ಟರು. ಮೆತ್ತಗಿದ್ದದ್ದು ಡ್ರೈವರ್ ಒಬ್ಬನೇ.

ಅಡುಗೆಮನೆಯಲ್ಲಿ ಆಮೇಲೆ ನಡೆದದ್ದು ನೋಡಬೇಕಿತ್ತು. ನಾನು ಅಲ್ಲೇ ಇದ್ದೆ, ಕಾಯಿ ತುರಿಯುವ ಕೆಲಸ ನನಗೆ ಬಿತ್ತು. ಅತ್ತೆ ಒಂದು ಮಾತೂ ಆಡದೆ ದೊಡ್ಡ ಪಾತ್ರೆ ಇಳಿಸಿ ಎರಡನೇ ಸಲ ಎಸರಿಟ್ಟರು. ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಮಗಳನ್ನು ಓಡಿಸಿ ಮೊಟ್ಟೆ ತರಿಸಿದರು. ಬೇಯಿಸಿದ ಮೊಟ್ಟೆ ಸಾರಿಗೆ ಬಿತ್ತು. ಸಾರಿಗೆ ನೀರು ಬಿತ್ತು, ನೀರಿಗೆ ಖಾರ ಬಿತ್ತು, ಖಾರಕ್ಕೆ ನಾನು ತುರಿದ ಕಾಯಿ ಬಿತ್ತು. ಒಂದು ಕೋಳಿ ಅಷ್ಟು ದೊಡ್ಡ ಕೆರೆಯಲ್ಲಿ ಈಜಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗ ಅಡುಗೆಮನೆಗೆ ಇಣುಕಿ, “ಕ್ವೈಟ್ ಎ ಫ್ಯೂ ಅಂದ್ರೆ ತುಂಬಾ ಜನ ಅಂತ ಅಮ್ಮ” ಅಂದ. ಅತ್ತೆ ಮುದ್ದೆ ಕೋಲು ಹಿಡಿದೇ ತಿರುಗಿದ್ದರಿಂದ ಪಾಠ ಮುಂದುವರಿಯಲಿಲ್ಲ. ಕೆಲವರು ಅಂತ ಬರೆದು ತುಂಬಾ ಜನ ಅಂತ ಓದಬೇಕಂತೆ. ಇಂಥದ್ದನ್ನು ಯಾವ ಮನೆಯ ಗೃಹಿಣಿ ಒಪ್ಪುತ್ತಾಳೆ, ಹೇಳಿ.

ಬಡಿಸುವಾಗ ಮತ್ತೊಂದು. ಉತ್ತರದ ಕಡೆಯ ಒಬ್ಬ ಹುಡುಗಿ, ಮುದ್ದೆ ಅವಳಿಗೆ ಹೊಸದು. ನುಂಗಬೇಕು, ಅಗಿಯಬಾರದು ಅಂತ ಎಲ್ಲರೂ ಹೇಳಿಕೊಟ್ಟರೂ ಅಗಿದು ಅಗಿದು ದವಡೆ ಸೋತಿತ್ತು. ಅತ್ತೆ ಇನ್ನೊಂದು ಮುದ್ದೆ ಹಿಡಿದು ಬಂದಾಗ ತಟ್ಟೆಗೆ ಕೈ ಅಡ್ಡ ಇಟ್ಟು, “ಪ್ಲೆಂಟಿ ಆಂಟಿ, ಪ್ಲೆಂಟಿ!” ಅಂದಳು. ಪ್ಲೆಂಟಿ ಅಂದರೆ ಬೇಕಾದಷ್ಟು ಅಂತ ಅತ್ತೆಗೆ ಗೊತ್ತು. ಬೇಕಾದಷ್ಟು ಬೇಕು ಅನ್ನುತ್ತಿದ್ದಾಳೆ ಮಗು. ಕೈ ಸರಿಸಿ, ಮುದ್ದೆ ಇಟ್ಟು, ಮೇಲೆ ಎರಡು ಸೌಟು ಸಾರು. “ಉಣ್ಣು ಮಗ, ನಾಚ್ಕೋಬೇಡ.”

ಊಟ ಆದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆ, ಮಾತು. ಯಾವುದೋ ಕಂಪನಿ ಬಿಲಿಯನ್‌ಗೆ ಮಾರಾಟವಾಯಿತು ಅಂತ ಹುಡುಗರು ಚರ್ಚೆ ಶುರು ಮಾಡಿದರು. ಬಿಲಿಯನ್ ಅಂದರೆ ಎಷ್ಟು ಅಂತ ಮಾವ ಕೇಳಿದರು. ನೂರು ಕೋಟಿ ಅಂದ ಒಬ್ಬ. ಇಂಗ್ಲೆಂಡಿನಲ್ಲಿ 1974ಕ್ಕೆ ಮುಂಚೆ ಬಿಲಿಯನ್ ಅಂದರೆ ಲಕ್ಷ ಕೋಟಿ, ಆ ವರ್ಷ ಅಲ್ಲಿನ ಸರ್ಕಾರವೇ ಅಮೆರಿಕದ ಲೆಕ್ಕಕ್ಕೆ ಬಂತು ಅಂದ ಇನ್ನೊಬ್ಬ. “ಸಾಲ ಕೊಟ್ಟೋನು ಮುಳುಗ್ದ ಬಿಡು” ಅಂದರು ಮಾವ.

ಅಷ್ಟರಲ್ಲಿ ಮಗ ಎದ್ದ. “ಹೊರಡ್ತೀವಪ್ಪ. ನಾಳೆಗೆ ಟನ್‌ಗಟ್ಟಲೆ ಕೆಲಸ ಇದೆ.”

ಟನ್ ಅಂತ ಮಾವನ ಮುಂದೆ ಸುಮ್ನೆ ಅನ್ನಬಾರದು. ಅವರ ಜೀವಮಾನವೇ ಅದರ ಮೇಲೆ ನಿಂತಿದೆ. ವರ್ಷವಿಡೀ ನೀರು ಕಟ್ಟಿ, ಕಟಿಂಗ್ ಆರ್ಡರಿಗೆ ಕಾದು, ಕಡಿಸಿ, ಟ್ರ್ಯಾಕ್ಟರಿಗೆ ತುಂಬಿಸಿ, ಕಾರ್ಖಾನೆ ಮುಂದೆ ಸಾಲಿನಲ್ಲಿ ನಿಂತರೆ ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯುತ್ತಾ ಹೋಗುತ್ತದೆ. ತೂಕದ ಚೀಟಿ ಕೈಗೆ ಬರುವವರೆಗೆ ಊಟ ಸೇರುವುದಿಲ್ಲ.

“ಎಷ್ಟು ಟನ್ಲಾ?” ಅಂದರು.

“ಸುಮ್ನೆ ಹಂಗೆ ಅನ್ನೋದಪ್ಪ. ನಮ್ಮ ಅಮೆರಿಕದ ಬಾಸ್ ಮಾತೆತ್ತಿದ್ರೆ ಟನ್ಸ್ ಅಂತಾನೆ.”

ಇಷ್ಟಕ್ಕೆ ಮುಗಿಯುತ್ತಿತ್ತೇನೋ. ಬಿಲಿಯನ್ ಬಿಡಿಸಿ ಹೇಳಿದ್ದ ಹುಡುಗ ಸುಮ್ಮನಿರಲಿಲ್ಲ. ಟನ್ನಿನಲ್ಲೂ ಬೇರೆ ಬೇರೆ ಇವೆ ಅಂಕಲ್ ಅಂತ ಶುರು ಮಾಡಿದ. ಇಂಗ್ಲೆಂಡಿನ ಹಳೇ ಟನ್ 2,240 ಪೌಂಡು, ಅಂದರೆ 1,016 ಕೆಜಿ. ನಮ್ಮದು 1,000 ಕೆಜಿ. ಕ್ರಿಕೆಟ್‌ನಲ್ಲಾದರೆ ನೂರು ರನ್ ಹೊಡೆದರೂ ಟನ್ನೇ. ಅಮೆರಿಕದ್ದು 2,000 ಪೌಂಡು, ಅಂದರೆ ಬರೀ 907 ಕೆಜಿ.

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಮನಸ್ಸಿನಲ್ಲೇ ಕಳೆದರು. ಮುಖ ಕೆಂಪಾಯಿತು.

“ಟನ್ನಿಗೆ 93 ಕೆಜಿ! ಅಮೆರಿಕದಲ್ಲೂ ತೂಕದಲ್ಲಿ ಹೊಡೀತಾರೇನ್ಲಾ?”