ಡಿಕ್ಕಿಯೊಳಗಿನ ಆಪದ್ಬಾಂಧವ

ಹೊತ್ತಾದ ದಿನವೇ ಅದು. ಕೀ ತಿರುಗಿಸಿದರೆ ಎಂಜಿನ್ ಮಾತಾಡುವುದಿಲ್ಲ, ಬಾನೆಟ್ಟಿನೊಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಟಕಟಕಟಕ. ರಾತ್ರಿ ಹೆಡ್‌ಲೈಟ್ ಆರಿಸಲು ಮರೆತಿದ್ದೇವೆ. 55 ವ್ಯಾಟಿನ ಎರಡು ಬಲ್ಬು ಸೇರಿ 9 ಆಂಪಿಯರ್ ಹೀರುತ್ತವೆ. 45 ಆಂಪಿಯರ್ ಅವರ್ ಬ್ಯಾಟರಿ ಐದು ಗಂಟೆಯಲ್ಲಿ ಬರಿದು.

ಪರವಾಗಿಲ್ಲ, ನಾವು ಮುಂದಾಲೋಚನೆಯ ಜನ. ಬ್ಯಾಟರಿ ಸತ್ತ ಕಾರಿಗೆ ಕರೆಂಟು ಕೊಟ್ಟು ಎಬ್ಬಿಸುವ ಪುಟ್ಟ ಪೆಟ್ಟಿಗೆ, ಜಂಪ್ ಸ್ಟಾರ್ಟರ್, ಕೊಂಡಿಟ್ಟಿದ್ದೇವೆ. ಎಲ್ಲಿ? ಡಿಕ್ಕಿಯಲ್ಲಿ. ಡಿಕ್ಕಿ ತೆರೆಯುವುದು ಯಾವುದರಿಂದ? ಕರೆಂಟಿನಿಂದ. ಕರೆಂಟು ಕೊಡಬೇಕಾದದ್ದು? ಸತ್ತು ಮಲಗಿರುವ ಅದೇ ಬ್ಯಾಟರಿ.

ಈಗ ಕಾರಿನ ಹಿಂದೆ ನಿಂತು ಗುಂಡಿ ಒತ್ತುವುದು ಶುರು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಗಟ್ಟಿಯಾಗಿ ಒತ್ತಿದರೆ ವೋಲ್ಟು ಹುಟ್ಟುತ್ತದೇನೋ ಎಂಬಂತೆ. ಕೀ ಹಾಕಿ ತೆರೆಯೋಣವೆಂದರೆ ಎಷ್ಟೋ ಕಾರುಗಳ ಡಿಕ್ಕಿಗೆ ಈಗ ಕೀ ತೂತೇ ಇಲ್ಲ. ಉಳಿದದ್ದು ಒಂದೇ ದಾರಿ, ಹಿಂದಿನ ಸೀಟು ಮಡಚಿ ತಲೆ ಮುಂದಾಗಿ ನುಗ್ಗುವುದು. ಸೀಟು ಮಡಚುವ ಲಿವರ್ ಸೀಟಿನ ನೆತ್ತಿಯ ಮೇಲಿದ್ದರೆ ಪುಣ್ಯ. ಕೆಲವು ಕಾರುಗಳಲ್ಲಿ ಅದೂ ಡಿಕ್ಕಿಯೊಳಗೇ ಇರುತ್ತದೆ! ಹೇಗೋ ನುಗ್ಗಿ, ಹೊಟ್ಟೆ ಸೀಟಿನ ಅಂಚಿಗೆ ಸಿಕ್ಕಿ, ಕಾಲೆರಡು ಬಾಗಿಲಾಚೆ ಒದ್ದಾಡುತ್ತಿರುವಾಗಲೇ ಬೆನ್ನ ಹಿಂದಿನಿಂದ ಪ್ರಶ್ನೆ ಬರುತ್ತದೆ: "ಸಾರ್, ಕಾರು ನಿಮ್ದೇನಾ?" ಆ ಭಂಗಿಯಲ್ಲಿ ಹೌದು ಎಂದರೆ ಯಾರೂ ನಂಬುವುದಿಲ್ಲ.

ಪೆಟ್ಟಿಗೆ ಸಿಕ್ಕಿತು. ಚಾರ್ಜ್ ತೋರಿಸುವ ನಾಲ್ಕು ಚುಕ್ಕೆಯಲ್ಲಿ ಉರಿಯುತ್ತಿರುವುದು ಒಂದು. ಫೋನಿಗೆ ಚಾರ್ಜ್ ಕೊಟ್ಟು ಕೊಟ್ಟು ಮುಗಿಸಿದವರೂ ನಾವೇ. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇಲ್ಲದಿದ್ದರೆ ಎಂಜಿನ್ ತಿರುಗಿಸುವ ತಾಕತ್ತು ಅದಕ್ಕಿರುವುದು ಅನುಮಾನ. ಬಳಸಲಿ ಬಿಡಲಿ, ಮೂರು ತಿಂಗಳಿಗೊಮ್ಮೆ ತುಂಬಿಸಿಡಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬೆಂದರೂ ಅದರೊಳಗಿನ ಲಿಥಿಯಂ ಬ್ಯಾಟರಿಗೆ ಆಯಸ್ಸು ಕಡಿಮೆ.

ತುಂಬಿಸಿಕೊಂಡು ಬಂದಿರಿ ಎನ್ನಿ. ಲೈಟು, ಏಸಿ, ಹಾಡು ಎಲ್ಲ ಬಂದ್. ಕಾರಿನ ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಕೆರೆದು ತೆಗೆಯಿರಿ. ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಕೇಳುತ್ತದೆ, ಕ್ಲಿಪ್ಪಿನ ಹಲ್ಲು ಲೋಹವನ್ನೇ ಕಚ್ಚಬೇಕು, ಪುಡಿಯನ್ನಲ್ಲ. ಕೆಂಪು ಕ್ಲಿಪ್ ಪ್ಲಸ್‌ಗೆ. ಕಪ್ಪನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಾಕುವುದು ಒಳ್ಳೆಯದು. ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಕಿಡಿಗೆ ಅದರ ಹತ್ತಿರ ಕೆಲಸವಿಲ್ಲ. (ಕೆಲವು ಪೆಟ್ಟಿಗೆಗಳ ಕೈಪಿಡಿ ಮೈನಸ್‌ಗೇ ಹಾಕಿ ಅನ್ನುತ್ತದೆ. ಕೈಪಿಡಿಯೂ ಡಿಕ್ಕಿಯಲ್ಲೇ ಇತ್ತು, ನೋಡಿ.)

ಕೇಬಲ್ಲನ್ನು ಪೆಟ್ಟಿಗೆಗೆ ಚುಚ್ಚಿದರೆ ಹಸಿರು ದೀಪ ಬರಬೇಕು. ಬರುವುದಿಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬ್ಯಾಟರಿ ಪೂರ್ತಿ ಸತ್ತಿದ್ದರೆ, ಎದುರಿಗೆ ಬ್ಯಾಟರಿ ಇದೆ ಎಂಬುದೇ ಕೇಬಲ್ಲಿನ ಪುಟ್ಟ ಡಬ್ಬಿಗೆ ತಿಳಿಯುವುದಿಲ್ಲ. ಆಗ, ತಿಳಿಯದಿದ್ದರೂ ಕರೆಂಟು ಹರಿಸು ಎಂದು ಹೇಳುವ ಬೂಸ್ಟ್ ಗುಂಡಿ ಒತ್ತಬೇಕು. ಆದರೆ ಆ ಗುಂಡಿ ಒತ್ತಿದರೆ ಪ್ಲಸ್-ಮೈನಸ್ ಅದಲುಬದಲಾದಾಗ ಕಾಯುವ ರಕ್ಷಣೆ ಹಲವು ಪೆಟ್ಟಿಗೆಗಳಲ್ಲಿ ಇರುವುದಿಲ್ಲ. ಒತ್ತುವ ಮುಂಚೆ ಬಗ್ಗಿ ಎರಡು ಸಲ ನೋಡಿ.

ಮೂರು ಸೆಕೆಂಡು ಸೆಲ್ಫ್ ಹೊಡೆಯಿರಿ. ಹತ್ತಲಿಲ್ಲವೇ, ಅರ್ಧ ನಿಮಿಷ ಕಾಯಿರಿ. ಸುತ್ತ ನಿಂತವರು "ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತಾರೆ. ಬಿಸಿಯಾಗುವ ತಂತಿ ಅವರದ್ದಲ್ಲ.

ಹಿಂದೆ ಇಷ್ಟೆಲ್ಲ ಇರಲಿಲ್ಲ. ಇಗ್ನಿಷನ್ ಆನ್, ಎರಡನೇ ಗೇರು, ಕ್ಲಚ್ ತುಳಿದು ಕೂತರೆ ಹಿಂದಿನಿಂದ ನಾಲ್ಕು ಜನ ತಳ್ಳುತ್ತಿದ್ದರು. ವೇಗ ಬಂದಾಗ ಕ್ಲಚ್ ಬಿಟ್ಟರೆ ಒಂದು ಎಗರು, ಎಂಜಿನ್ ಗುರ್ ಎನ್ನುತ್ತಿತ್ತು. ತಳ್ಳಿದವರು ಕನ್ನಡಿಯಲ್ಲಿ ಚಿಕ್ಕದಾಗುತ್ತ ಕೈಬೀಸುತ್ತಿದ್ದರು. ನಿಲ್ಲಿಸಿ ಥ್ಯಾಂಕ್ಸ್ ಹೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಆಟೋಮ್ಯಾಟಿಕ್ ಗೇರಿನ ಕಾರನ್ನು ಹಾಗೆ ತಳ್ಳಿದರೆ ಬೆವರಷ್ಟೇ ಬರುತ್ತದೆ.

ಅಂತೂ ಎಂಜಿನ್ ಹತ್ತಿತು. ಅರ್ಧ ನಿಮಿಷದೊಳಗೆ ಕ್ಲಿಪ್ ಬಿಚ್ಚಿ, ಕಪ್ಪು ಮೊದಲು, ಕೆಂಪು ಆಮೇಲೆ. ಅರ್ಧ ಗಂಟೆಯಾದರೂ ಓಡಿಸಿ, ನಡುವೆ ಆಫ್ ಮಾಡಬೇಡಿ. ಕರೆಂಟು ಬಂತಲ್ಲ, ಗುಂಡಿ ಮುಟ್ಟಿದರೆ ಸಾಕು, ಡಿಕ್ಕಿ ಈಗ ತಾನಾಗಿ ಬಾಯಿ ತೆರೆಯುತ್ತದೆ. ಕೈಯಲ್ಲಿ ಪೆಟ್ಟಿಗೆ ಇದೆ, ಹೊತ್ತು ಬೇರೆ ಮೀರಿದೆ. ಸದ್ಯಕ್ಕೆ ಅಲ್ಲೇ ಇಟ್ಟರಾಯಿತು.