ನನ್ನ ಪುರಾತತ್ವ ಸಂಶೋಧನೆ

ಇತಿಹಾಸಕ್ಕೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಪರೀಕ್ಷೆಯಲ್ಲಿ ಒಬ್ಬ ರಾಜನಿಗೆ ಅವನು ಹುಟ್ಟುವ ಮುಂಚೆಯೇ ಪಟ್ಟ ಕಟ್ಟಿ ಮುಗಿಸಿದವನು ನಾನು. ನನ್ನ ಹೆಂಡತಿಗೋ ಹಳೇ ಕಟ್ಟಡ ಎಂದರೆ ಪ್ರಾಣ. ಅವಳ ಹಿಂದೆ ನೀರಿನ ಬಾಟಲಿ, ಛತ್ರಿ, ಕರವಸ್ತ್ರ ಹೊರುವ ಖಾತೆ ನನ್ನದು.

ಮೊನ್ನೆ ಒಂದು ಪಾಳು ಅರಮನೆಗೆ ಹೋಗಿದ್ದೆವು. ಒಂದು ಕಂಬದ ಮುಂದೆ ನಿಂತರೆ ಅವಳು ಅರ್ಧ ಗಂಟೆ ಅಲ್ಲಾಡುವವಳಲ್ಲ. ನಾನು ನೆರಳು ಹುಡುಕಿಕೊಂಡು ಗೋಪುರದ ಕೆಳಗಿನ ಕತ್ತಲೆ ಕೋಣೆ ಸೇರಿದೆ. ನೆಲದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಉಂಡೆಯೊಂದು ಬಿದ್ದಿತ್ತು. ವಾರ್ನಿಷ್ ಬಳಿದಂಥ ಹೊಳಪು. ಒಂದು ತುದಿಯಲ್ಲಿ ದಂತದ ಕೆತ್ತನೆಯಂಥ ಬಿಳಿ ಚೂರು ಇಣುಕುತ್ತಿತ್ತು. ರಾಣಿಯ ಒಡವೆಯೇ ಸರಿ! ಕರವಸ್ತ್ರದಲ್ಲಿ ಸುತ್ತಿಕೊಂಡೆ. (ಮನೆಗೆ ಒಯ್ಯುವ ಆಲೋಚನೆ ಖಂಡಿತ ಇರಲಿಲ್ಲ. ಒಪ್ಪಿಸುವಾಗ ಒಂದು ಫೋಟೊ ಹೊಡೆಸಿಕೊಳ್ಳೋಣ ಎಂದಿತ್ತು, ಅಷ್ಟೆ.)

ಆಗಲೇ ನೆತ್ತಿಯ ಮೇಲೆ ಯಾರೋ ಟೈರಿನ ಗಾಳಿ ಬಿಟ್ಟ ಹಾಗೆ, "ಉಸ್ಸ್ಸ್!"

ಕತ್ತೆತ್ತಿದೆ. ಗೋಡೆಯ ಮಾಡದಲ್ಲಿ ಹೃದಯದ ಆಕಾರದ ಬಿಳಿ ಮುಖ, ಅದರಲ್ಲಿ ಎರಡು ಕಪ್ಪು ಕಣ್ಣು. ನಾನು ಎಡಕ್ಕೆ ಸರಿದರೆ ಮುಖವೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಮೈ ಮಾತ್ರ ಇದ್ದಲ್ಲೇ ಇತ್ತು. ಓಟ ಕಿತ್ತೆ. ಅದೂ ಹಾರಿತು. ನನ್ನ ಕೂದಲಿಗೆ ಗಾಳಿ ತಾಗುವಷ್ಟು ಹತ್ತಿರ ಹಾದುಹೋದರೂ ರೆಕ್ಕೆಯ ಸದ್ದೇ ಇಲ್ಲ. ಸದ್ದು ಮಾಡಿದವನು ನಾನೊಬ್ಬನೇ, ಅದೂ ಗೋಪುರ ಪ್ರತಿಧ್ವನಿಸುವಂತೆ.

"ಕಣಜ ಗೂಬೆ, ಸಾರ್. ಏನೂ ಮಾಡಲ್ಲ," ಎಂದ ಓಡಿಬಂದ ಕಾವಲುಗಾರ. ಕರವಸ್ತ್ರದ ಗಂಟು ಬಿಚ್ಚಿ ನನ್ನ ಒಡವೆಯನ್ನು ಕಲ್ಲಿನ ಮೇಲಿಟ್ಟು ನಕ್ಕ. "ಇಲೀನ ಇಡಿಯಾಗಿ ನುಂಗುತ್ತೆ. ಕೂದಲು, ಮೂಳೆ ಅರಗಲ್ಲ. ಹಿಂಗೆ ಉಂಡೆ ಕಟ್ಟಿ ಬಾಯಿಂದ ಕಕ್ಕುತ್ತೆ. ಇದು ತಾಜಾ ಮಾಲು, ಇನ್ನೂ ಒಣಗಿಲ್ಲ."

ಕೂಗು ಕೇಳಿ ಬಂದ ಹೆಂಡತಿಗೆ ನನ್ನ ಎದೆಬಡಿತದ ಯೋಚನೆಯೇ ಇಲ್ಲ. ಕಡ್ಡಿಯಿಂದ ಉಂಡೆ ಬಿಡಿಸುತ್ತ ಕೂತಳು. ಬೂದು ಕೂದಲಿನ ನಡುವೆ ಮೂರು ಪುಟ್ಟ ತಲೆಬುರುಡೆ, ಹಳದಿ ಹಲ್ಲಿನ ಸಮೇತ. ನನ್ನ ದಂತದ ಕೆತ್ತನೆ ಯಾವುದೋ ಇಲಿಯ ದವಡೆ! ಅವಳು ಮೊಬೈಲಿನಲ್ಲಿ ಹುಡುಕಿ ಓದಿದಳು: ಈ ಗೂಬೆಯ ಒಂದು ಕಿವಿ ಮೇಲೆ, ಒಂದು ಕೆಳಗೆ. ಹಾಗಾಗಿ ಕಗ್ಗತ್ತಲಲ್ಲೂ ಬರೀ ಸದ್ದಿನ ಮೇಲೆ ಇಲಿ ಹಿಡಿಯುತ್ತದೆ. ಕುತ್ತಿಗೆಯಲ್ಲಿ 14 ಮೂಳೆ, ನಮಗೆ 7.

"ಇಷ್ಟು ವರ್ಷಕ್ಕೆ ಒಂದು ಒಳ್ಳೇ ವಸ್ತು ಹುಡುಕಿದಿರಿ," ಎಂದು ಹೊಗಳಿದಳು. ನಾನೂ ಉಬ್ಬಿದೆ.

ವಾಪಸ್ ಬರುವಾಗ ವಿಪರೀತ ಸೆಕೆ. "ನನ್ನ ಕರವಸ್ತ್ರ ನಿಮ್ಮ ಹತ್ತಿರಾನೇ ಇದೆಯಲ್ಲ, ಕೊಡಿ, ಮುಖ ಒರೆಸ್ಕೋತೀನಿ," ಎಂದಳು.